ಮರದಮ್ಮನ ಬೆಂಚು

ಸಾನ್‌ಯಿ
ಡಿಸೆಂಬರ್ ೧೫, ೨೦೨೪

ಪ್ರೀತಿಯ ಅಣ್ಣ ಚಾಂಗ್‌ಶೆಂಗ್‌ಗೆ,

ತಂಗಿ ತಾವ್‌ಮೇ ಮಾಡುವ ನಮಸ್ಕಾರ. ನೀನೂ ಅತ್ತಿಗೆಯೂ ಸೌಖ್ಯವೆಂದು, ಸಮುದ್ರದ ಆಚೆ ದಡದಲ್ಲೂ ಈ ವರ್ಷ ಚಳಿ ಬೇಗ ಬಂದಿರಬೇಕೆಂದು ಅಂದುಕೊಂಡು ಬರೆಯುತ್ತಿದ್ದೇನೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಯಂತ್ರದ ಸದ್ದಿಗೆ ಎಡಗಿವಿ ಸ್ವಲ್ಪ ಮಂದವಾಗಿದೆ. ಬೇಡದ ಮಾತು ಹೇಳುವವರನ್ನು ಆ ಕಡೆ ಕೂರಿಸಿಕೊಳ್ಳುತ್ತೇನೆ, ಅದೇ ಒಂದು ಅನುಕೂಲ.

ಈ ಕಾಗದ ಎರಡು ವರ್ಷ ತಡವಾಗಿದೆ, ಕ್ಷಮಿಸು. ಫೋನ್ ಇರುವಾಗ ಕಾಗದವೇಕೆ ಎಂದು ನೀನು ಹುಬ್ಬು ಗಂಟಿಕ್ಕಿರುತ್ತೀ. ನಮ್ಮ ಫೋನು ನಿನಗೇ ಗೊತ್ತಲ್ಲ. ವರ್ಷಕ್ಕೊಮ್ಮೆ, ಹೊಸ ವರ್ಷದ ಬೆಳಿಗ್ಗೆ. ಊಟ ಆಯ್ತಾ, ಆಯ್ತು, ಮಳೆ ಇದೆಯಾ, ಇದೆ, ಸರಿ ಇಡಲಾ. ಅದರೊಳಗೆ ನಾನು ಹೇಳಬೇಕಾದದ್ದು ಹಿಡಿಸುವುದಿಲ್ಲ. ಇದರಲ್ಲಿ ಎರಡು ವಿಷಯಗಳಿವೆ. ಒಂದಕ್ಕೆ ನಿನ್ನ ಒಪ್ಪಿಗೆ ಬೇಕು. ಇನ್ನೊಂದನ್ನು ಬರೆಯುವ ಧೈರ್ಯ ಬಂದರೆ ಬರೆಯುತ್ತೇನೆ. ನೋಡೋಣ.

ಮೊದಲನೆಯದು ಇದು. ನಿನ್ನ ಮರದಮ್ಮ, ಗುಡಿಯ ಹತ್ತಿರದ ಆ ಕರ್ಪೂರದ ಮರ, ಬಿದ್ದುಹೋದಳು. ಈ ಅಕ್ಟೋಬರಿಗೆ ಎರಡು ವರ್ಷವಾಯಿತು. ಮೂರು ದಿನ ಬಿಡದೆ ಗಾಳಿಮಳೆ ಹೊಡೆದು ನಾಲ್ಕನೆಯ ದಿನ ಬಿಸಿಲು ಬಂತು. ಎಲ್ಲರೂ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಾಗ, ಎಲೆಯೂ ಅಲುಗದ ಹೊತ್ತಿನಲ್ಲಿ, ಮಲಗಿದಳು. ಒಳಗೆಲ್ಲ ಟೊಳ್ಳಾಗಿತ್ತು. ಭೂಮಿದೇವರ ಗುಡಿಯ ಮೇಲೆ ಬೀಳದೆ ಪಕ್ಕಕ್ಕೆ ಹೊರಳಿದ್ದಾಳೆ. ಹೆಂಚು ಒಂದೂ ಒಡೆದಿಲ್ಲ. ಊರೆಲ್ಲ ಕರ್ಪೂರದ ವಾಸನೆ ಹಿಡಿದುಕೊಂಡು ಒಂದು ತಿಂಗಳು ಹೋಗಲಿಲ್ಲ. ನನ್ನ ಅನ್ನದಲ್ಲೂ ಅದೇ ವಾಸನೆ.

ಆಗಲೇ ನಿನಗೆ ತಿಳಿಸಬೇಕಿತ್ತು. ನೀನು ಅವಳ ಮಗ. ನಾಲ್ಕು ವರ್ಷದವನಿದ್ದಾಗ ಜ್ವರ ಬಿಡದೆ, ಡಾಕ್ಟರು ಕೈ ಚೆಲ್ಲಿದಾಗ, ಅಮ್ಮ ನಿನ್ನನ್ನು ಅವಳ ಬೊಡ್ಡೆಯ ಹತ್ತಿರ ಮಲಗಿಸಿ ದತ್ತು ಕೊಟ್ಟಿದ್ದು, ಹೆಸರಿನಲ್ಲೂ ಕರ್ಪೂರದ ಮರವನ್ನು ಸೇರಿಸಿದ್ದು, ಹದಿನಾರು ತುಂಬುವವರೆಗೂ ವರ್ಷವರ್ಷ ಕತ್ತಿನ ಕೆಂಪು ದಾರ ಬದಲಾಯಿಸಿಕೊಂಡು ಬಂದದ್ದು, ಎಲ್ಲ ಊರಿಗೇ ಗೊತ್ತು. ಹೆತ್ತ ತಾಯಿ ಹೋದ ಸುದ್ದಿಯನ್ನು ತಡಮಾಡಿದರೆ ಜನ ಉಗಿಯುತ್ತಾರೆ. ನಾನು ಇದನ್ನೂ ತಡಮಾಡಿದೆ.

ಗುಡಿಯ ಸಮಿತಿಯವರು ಸೇರಿದರು. ಟೊಳ್ಳಾದ ಭಾಗವನ್ನು ಎಣ್ಣೆ ಬಟ್ಟಿಯವರು ಒಯ್ದರು. ಬೇರಿನ ಗಂಟುಗಳನ್ನು ಕೆತ್ತನೆಯವರು ಹಂಚಿಕೊಂಡರು. ಹೊರಮೈಯಲ್ಲಿ ಒಂದೇ ಒಂದು ಒಳ್ಳೆಯ ದಪ್ಪ ಹಲಗೆ ಸಿಕ್ಕಿತು. ಎಂಟು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಗೇಣು ದಪ್ಪ. ಗುಡಿ ನೋಡಿಕೊಳ್ಳುವ ಲೈ ಮಾಮ ಎಲ್ಲರೆದುರಿಗೆ ಹೇಳಿದರು: "ಮರದ ಕೆಳಗೆ ಕೂತು ಕೂತು ನಮ್ಮ ವಯಸ್ಸಾಯ್ತು. ಮರ ಇಲ್ಲ, ಕೂರೋ ಜಾಗನಾದ್ರೂ ಇರ್ಲಿ. ಬೆಂಚು ಮಾಡ್ಸೋಣ. ಪೆಂಗ್ ಮನೆಯವ್ರೇ ಮಾಡ್ಲಿ, ಆ ಮನೆಗೂ ಈ ಮರಕ್ಕೂ ಸಂಬಂಧ ಇದೆ."

"ಪೆಂಗ್ ಮನೇಲಿ ಈಗ ಯಾರಿದಾರೆ ಮಾಡೋಕೆ? ಕಂಪ್ಯೂಟರ್ ಇದೆ ಅಷ್ಟೆ" ಅಂದದ್ದು ಫಾನ್ ಅಜ್ಜಿ. ಎಂಬತ್ತೆಂಟಾದರೂ ಅವಳ ನಾಲಿಗೆಗೆ ಇನ್ನೂ ತುಕ್ಕು ಹಿಡಿದಿಲ್ಲ. ನನ್ನ ಮಂದ ಕಿವಿಯ ಕಡೆ ಕೂತಿರಲಿಲ್ಲ, ಹಾಗಾಗಿ ಕೇಳಿಸಿತು.

ಕಂಪ್ಯೂಟರ್ ಎಂದಾಗ ನಿನ್ನ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ಹತ್ತು ವರ್ಷದ ಹಿಂದೆ, ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಆ ಸಿ.ಎನ್.ಸಿ. ಯಂತ್ರವನ್ನು ಲಾರಿಯಿಂದ ಇಳಿಸಿದ ದಿನ ನೀನು ಅಪ್ಪನೆದುರಿಗೆ ಆಡಿದ ಮಾತು ಅಕ್ಷರಶಃ ನೆನಪಿದೆ. "ಯಂತ್ರಕ್ಕೆ ಹಲಗೆ ತಿನ್ನಿಸೋ ಕೆಲ್ಸಕ್ಕೆ ಕೆತ್ತನೆ ಅಂತ ಹೆಸ್ರಿಡ್ಬೇಡ. ದನಕ್ಕೆ ಹುಲ್ಲು ಹಾಕೋರು ಹಾಲು ನಾನೇ ಕೊಟ್ಟೆ ಅಂತಾರಾ?" ಅಪ್ಪ ನಕ್ಕರು. ನೀನು ಅಂದದ್ದಕ್ಕಿಂತ ಅಪ್ಪ ನಕ್ಕದ್ದು ನನಗೆ ಚುಚ್ಚಿತು. ಅವರು ನಿನಗೆ ಏಳನೇ ವರ್ಷಕ್ಕೇ ಉಳಿ ಹಿಡಿಸಿದರು. ನನಗೆ ಮರಳುಕಾಗದ ಕೊಟ್ಟು, ಹೆಣ್ಣುಮಕ್ಕಳ ಕೈ ಉಜ್ಜುವುದಕ್ಕೆ ಚೆನ್ನ ಅಂದರು. ಮೂವತ್ತೈದು ವರ್ಷ ನೀವಿಬ್ಬರೂ ಕೆತ್ತಿದ ಬುದ್ಧರ ಹೊಟ್ಟೆ ಉಜ್ಜಿದೆ. ಉಳಿ ಕಲಿಸದವರು ಯಂತ್ರ ಕಲಿತದ್ದಕ್ಕೆ ಬೈಯುವ ಹಾಗಿರಲಿಲ್ಲ, ಆದರೂ ನೀನು ಬೈದೆ. ಆ ವರ್ಷವೇ ಆಚೆ ದಡದ ಕೆತ್ತನೆ ಕಾರ್ಖಾನೆಗೆ ಮೇಷ್ಟ್ರಾಗಿ ಹೊರಟೆ. ಜಗಳಕ್ಕೇ ಹೋದೆಯೆಂದು ನಾನು ಹೇಳುವುದಿಲ್ಲ. ಆದರೆ ಜಗಳವಾಗದಿದ್ದರೆ ನೀನು ಇನ್ನೊಂದು ವರ್ಷ ಇಲ್ಲೇ ಇರುತ್ತಿದ್ದೆ.

ಇರಲಿ. ಬೆಂಚಿನ ಕಥೆ ಹೇಳುತ್ತೇನೆ, ನೀನು ಮರದವನು, ಕೇಳು.

ಹಸಿ ಹಲಗೆಯನ್ನು ಒಂದೂವರೆ ವರ್ಷ ಹಿಂದಿನ ಚಪ್ಪರದಲ್ಲಿ ಪಟ್ಟಿಗಳ ಮೇಲೆ ಒಣಗಿಸಿದೆ. ಆಮೇಲೆ ಬಿಸಿಗಾಳಿಯ ಒಣಗೂಡಿಗೆ ಹಾಕಿಸಿದೆ. ಹೊರಬಂದಾಗ ಅದು ದೋಣಿಯಂತೆ ಬಾಗಿ, ಮೂಲೆಯಲ್ಲಿ ತಿರುಚಿಕೊಂಡಿತ್ತು. ನೀನಾದರೆ ನಾಲ್ಕು ದಿನ ಕೀಸುಳಿ ಹಿಡಿದು ಸಮ ಮಾಡುತ್ತಿದ್ದೆ. ನಾನು ಹಲಗೆಯನ್ನು ಯಂತ್ರದ ಮೇಜಿನ ಮೇಲೆ ಮಲಗಿಸಿ, ಅಲುಗದ ಹಾಗೆ ನಾಲ್ಕು ಮೂಲೆಗೂ ಬೆಣೆ ಕೊಟ್ಟು, ಎಲ್ಲಿ ತಗ್ಗು ಎಲ್ಲಿ ಉಬ್ಬು ಅಂತ ಅಳೆದು ಬರೆದುಕೊಂಡೆ. ಅದಕ್ಕೇ ಅರ್ಧ ದಿನವಾಯಿತು. ಗುಂಡಿ ಒತ್ತಿ ನಿದ್ದೆ ಹೊಡೆಯುತ್ತೇನೆಂದು ನೀನು ಊರೆಲ್ಲ ಹೇಳಿದ್ದೀಯಲ್ಲ, ಅದಕ್ಕೆ ಇದನ್ನು ಬರೆದೆ. ಆಮೇಲೆ ಅಲಗು ಗದ್ದೆ ಉತ್ತ ಹಾಗೆ ಸಾಲಿನ ಪಕ್ಕ ಸಾಲು ಹೋಗುತ್ತದೆ. ಒಂದು ಸಲಕ್ಕೆ ಅಕ್ಕಿಕಾಳಿನಷ್ಟು ದಪ್ಪ ಮಾತ್ರ ತೆಗೆಯುತ್ತದೆ. ಹಲಗೆಯ ಎರಡು ಅಂಚನ್ನು ಮುಟ್ಟಬಾರದೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ತೊಗಟೆ ಬಿಟ್ಟ ಆ ಅಂಕುಡೊಂಕನ್ನು ಹಾಗೇ ಇಟ್ಟುಕೊಂಡು ಕೈಯಲ್ಲೇ ಉಜ್ಜಿದೆ. ನೋಡಿದವರಿಗೆ ಇದು ಯಂತ್ರದ ಕೆಲಸವೆನ್ನುವುದಕ್ಕಿಂತ ಮೊದಲು ಮರ ಕಾಣಬೇಕಿತ್ತು.

ಮೂರನೆಯ ಸುತ್ತಿನಲ್ಲಿ ಠಣ್ ಎಂದಿತು. ಕಿಡಿ ಹಾರಿ ಅಲಗು ತುಂಡಾಗಿ ಗೋಡೆಗೆ ಬಡಿಯಿತು. ಯಂತ್ರ ನಿಲ್ಲಿಸಿ ನೋಡಿದರೆ ಹಲಗೆಯೊಳಗೆ ಒಂದು ಮೊಳೆ, ಹೊಳೆಯುವ ಹಾಗೆ ಕತ್ತರಿಸಿಹೋಗಿತ್ತು. ಸುತ್ತ ಮಸಿಯಂಥ ಕಪ್ಪು ಕಲೆ.

ತಪ್ಪು ನನ್ನದೇ. ಹಳೆ ಮರದಲ್ಲಿ ಕಬ್ಬಿಣ ಇರುತ್ತದೆಂದು ಎಲ್ಲರಿಗೂ ಗೊತ್ತು. ಕಬ್ಬಿಣ ಹುಡುಕುವ ಕೋಲು ನನ್ನ ಗೋಡೆಯಲ್ಲೇ ನೇತಾಡುತ್ತಿದೆ. ಆತುರದಲ್ಲಿ ಆಡಿಸಿ ನೋಡಿರಲಿಲ್ಲ. ಆಮೇಲೆ ತೆಗೆದುಕೊಂಡು ಹಲಗೆಯುದ್ದಕ್ಕೂ ಆಡಿಸಿದೆ. ಒಂದು ಕಡೆ ಕೂಗಿತು, ಮೂರು ಬೆರಳು ಮುಂದೆ ಮತ್ತೆ ಕೂಗಿತು, ಮತ್ತೆ, ಮತ್ತೆ. ಒಟ್ಟು ಹದಿಮೂರು, ಎರಡು ಅಡಿಗಿಂತ ಸ್ವಲ್ಪ ಹೆಚ್ಚಿನ ಉದ್ದದಲ್ಲಿ ನೇರ ಒಂದು ಸಾಲು. ಯಾರೋ ಬೇಕೆಂದೇ ಹೊಡೆದದ್ದು.

ಅಪ್ಪನ ಪೆಟ್ಟಿಗೆಯಿಂದ ಸಣ್ಣ ಉಳಿ ತೆಗೆದು ಒಂದೊಂದನ್ನೇ ಬಿಡಿಸಿದೆ. ಆರು ದಿನ ಹಿಡಿಯಿತು. ನನ್ನ ಕೈಯಲ್ಲಿ ಉಳಿ ಹೇಗಿರುತ್ತದೆಂದು ನೀನು ನೋಡಿದ್ದರೆ ನಗುತ್ತಿದ್ದೆ. ಹೆಬ್ಬೆರಳಿಗೆ ಎರಡು ಕಡೆ ಪಟ್ಟಿ. ಮೊಳೆಗಳನ್ನು ಬಟ್ಟಲಲ್ಲಿ ಹಾಕಿಕೊಂಡು ಲೈ ಮಾಮನ ಹತ್ತಿರ ಹೋದೆ. ಅವರು ಬಿಸಿಲಲ್ಲಿ ಕೂತು ಸಾಸಿವೆ ಸೊಪ್ಪಿಗೆ ಉಪ್ಪು ಸವರುತ್ತಿದ್ದರು. ಬಟ್ಟಲು ನೋಡಿ ಕೈ ಒರೆಸಿಕೊಂಡರು.

"ಇದು ನಿಮ್ಮಪ್ಪಂದು" ಅಂದರು.

"ಅಪ್ಪನಿಗೂ ಮರಕ್ಕೂ ಏನು? ಅವ್ರು ದತ್ತು ಗಿತ್ತು ಎಲ್ಲ ಅಮ್ಮನ ಹುಚ್ಚು ಅಂತಿದ್ರಲ್ಲ."

"ಅಂತಿದ್ದ. ಗುಡಿ ಮುಂದೆ ಯಾವತ್ತೂ ಬರ್ಲಿಲ್ಲ. ಮರದ ಹಿಂದೆ ಬರ್ತಿದ್ದ. ದಾರ ಬದಲಾಯ್ಸೋ ದಿನ ನಿಮ್ಮಮ್ಮ ಹುಡ್ಗನ್ನ ಕರ್ಕೊಂಡು ಬಂದು ಪೂಜೆ ಮಾಡಿ ಹೋಗೋಳು. ಹುಡ್ಗ ಮರಕ್ಕೆ ಒರಗಿ ನಿಲ್ತಿದ್ದ ಎತ್ತರ ನೋಡ್ಕೊಂಡಿದ್ದು, ಎಲ್ರೂ ಹೋದ ಮೇಲೆ ನಿಮ್ಮಪ್ಪ ಒಂದು ಮೊಳೆ ಹೊಡೀತಿದ್ದ. ನಾನು ಕೇಳ್ದೆ ಒಂದ್ಸಲ, ಯಾಕಪ್ಪಾ ಇದು ಅಂತ. ಈ ವರ್ಷನೂ ಉಳಿದ, ಅದಕ್ಕೆ ರಸೀದಿ ಅಂದ. ಯಾರಿಗೂ ಹೇಳ್ಬೇಡ ಅಂದ. ನಾನೂ ಹೇಳ್ಲಿಲ್ಲ."

ನಾಲ್ಕರಿಂದ ಹದಿನಾರು, ಹದಿಮೂರು ಮೊಳೆ. ಮರ ಅವುಗಳ ಮೇಲೆ ನಲವತ್ತೈದು ವರ್ಷ ಬೆಳೆದು ಮುಚ್ಚಿಕೊಂಡಿತ್ತು. ನಿನಗೆ ಇದು ಗೊತ್ತಿತ್ತೇ? ಗೊತ್ತಿರಲಿಕ್ಕಿಲ್ಲ. ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ ಒಂದು ಬೆರಳೂ ಅಂತರವಿಲ್ಲ. ಅದು ನೀನು ಹತ್ತನೇ ವರ್ಷದಲ್ಲಿ ಮತ್ತೆ ಮಲಗಿದ ವರ್ಷ. ನಿನಗೆ ಹದಿಮೂರು ತುಂಬಿದ ಮೇಲೆ ಒಮ್ಮೆಲೇ ಉದ್ದ ಜಿಗಿತ.

ಮನೆಗೆ ಬಂದು ಹಲಗೆಯ ಪಕ್ಕ ನೆಲದ ಮೇಲೆ ಕೂತು ಅತ್ತೆ, ಅಣ್ಣ. ನಿನಗೋಸ್ಕರವಲ್ಲ, ಸುಳ್ಳು ಹೇಳಲಾರೆ. ನನಗೆ ಬಾಲ್ಯದಲ್ಲಿ ಒಂದು ದಿನವೂ ಜ್ವರ ಬರಲಿಲ್ಲ. ನನಗೆ ಮರವೂ ಇರಲಿಲ್ಲ, ದಾರವೂ ಇರಲಿಲ್ಲ, ಯಾರೂ ಕದ್ದು ಬಂದು ನನ್ನ ಎತ್ತರ ಅಳೆಯಲಿಲ್ಲ. ಐವತ್ತಾರು ವರ್ಷದ ಹೆಂಗಸು, ಸತ್ತ ಅಪ್ಪನ ಮೇಲೆ ಮುನಿಸಿಕೊಂಡು, ಮರದ ಹೊಟ್ಟಿನ ಮೇಲೆ ಕೂತು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ನಾಚಿಕೆಯಾಗುತ್ತದೆ, ಆದರೂ ಹಾಗಿತ್ತು.

ಡಿಸೆಂಬರ್ ೧೮

ಮೂರು ದಿನ ಬರೆಯಲಾಗಲಿಲ್ಲ. ಒಂದು ದೇವಸ್ಥಾನದ ಬಾಗಿಲು ಚೌಕಟ್ಟಿನ ಕೆಲಸ ಬಂತು. ಕೆಲಸದ ನೆವ ಅಂತಲೂ ಇಟ್ಟುಕೋ.

ಬೆಂಚು ಮುಗಿದಿದೆ. ಮೊಳೆ ತೆಗೆದ ತೂತುಗಳಿಗೆ ಬಿದಿರಿನ ಗೂಟ ಹೊಡೆದಿದ್ದೇನೆ. ಕಪ್ಪು ಕಲೆಗಳನ್ನು ತೆಗೆಯಲು ಹೋಗಲಿಲ್ಲ. ಮೂಲೆಯಲ್ಲಿ ಮೊಳಕೈಯುದ್ದ ಒಂದು ಬಿರುಕಿತ್ತು. ಅದು ಮುಂದೆ ಓಡದಂತೆ ಅಡ್ಡಕ್ಕೆ ಚಿಟ್ಟೆಯಾಕಾರದ ಎರಡು ಬೆಣೆ ಕೂರಿಸಿದೆ. ಗುಂಡಿಯನ್ನೂ ಬೆಣೆಯನ್ನೂ ಯಂತ್ರವೇ ಕೊರೆಯಿತು, ಕೂದಲೂ ತೂರದ ಹಾಗೆ ಕೂತಿವೆ. ನಿನ್ನ ಕೈಯಲ್ಲೂ ಇಷ್ಟು ಬಿಗಿ ಬರುತ್ತಿರಲಿಲ್ಲ, ಕೋಪ ಮಾಡಿಕೊಳ್ಳಬೇಡ. ಕಾಲುಗಳು ಅವಳದೇ ದಪ್ಪ ಕೊಂಬೆಗಳು, ಸುತ್ತಿಗೆ ಏಟಿಗೆ ಕೂತವು. ಕಬ್ಬಿಣ ಒಂದು ತುಂಡೂ ಇಲ್ಲ. ಎಣ್ಣೆ ಹಚ್ಚಿದ ದಿನ ಮರದ ರೇಖೆಗಳೆಲ್ಲ ಎದ್ದು ಬಂದವು. ಫಾನ್ ಅಜ್ಜಿಯೂ ಬಂದು ಅಂಗೈಯಿಂದ ಸವರಿ, "ಕಂಪ್ಯೂಟರ್ ಪರವಾಗಿಲ್ಲ, ಕಲ್ತಿದೆ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಗುಡಿಯ ಮುಂದೆ ಒಯ್ದು ಇಟ್ಟೆವು. ಆರು ಜನ ಹೊತ್ತರು. ಯಾರೂ ಕೂರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಲೈ ಮಾಮ ಎಲ್ಲರ ಮನಸ್ಸಿನಲ್ಲಿದ್ದುದನ್ನು ಆಡಿದರು.

"ತಾವ್‌ಮೇ, ಇವಳು ದೇವತೆ. ಮೊದ್ಲು ಕೇಳಿ ಆಮೇಲೆ ಕೊಯ್ಬೇಕಿತ್ತು. ನಾವು ಕೊಯ್ದು, ಮಟ್ಟ ಮಾಡಿ, ಕಾಲಿಟ್ಟು, ಈಗ ಕೇಳ್ಬೇಕು."

"ಬೆಂಚು ಮಾಡ್ಸೋಣ ಅಂದೋರು ನೀವೇ ಮಾಮ."

"ಅಂದೆ. ಮುಕಳಿ ಇಡೋ ಹೊತ್ತಿಗೆ ನೆನಪಾಯ್ತು."

ಎಲ್ಲರೂ ನಕ್ಕರು, ಆದರೂ ಯಾರೂ ಕೂರಲಿಲ್ಲ. ಊದುಬತ್ತಿ ಹಚ್ಚಿ, ಹಣ್ಣು ಇಟ್ಟು, ಲೈ ಮಾಮ ದೇವರ ಉತ್ತರ ಕೇಳುವ ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟರು. ನಿನ್ನ ಮೇಲೆ ಕೂರಬಹುದೇ ತಾಯಿ ಎಂದು ಕೇಳಿದರು. ಎರಡೂ ಚಪ್ಪಟೆ ಮೈ ಮೇಲಾಗಿ ಬಿದ್ದವು. ಅಂದರೆ ದೇವತೆ ನಕ್ಕಳು, ಉತ್ತರ ಕೊಡಲಿಲ್ಲ. ಮತ್ತೆ ಬಿಟ್ಟರು, ಮತ್ತೆ ನಗು. "ಇವ್ಳ ಕೆಲ್ಸ ನೋಡಿ ನಗ್ತಿದಾಳೆ" ಅಂದಳು ಫಾನ್ ಅಜ್ಜಿ. ಯಂತ್ರ ಮುಟ್ಟಿಸಿದ್ದಕ್ಕೆ ಸಿಟ್ಟೇ ಎಂದು ನಾನೇ ಕೇಳಿದೆ. ಎರಡೂ ಬೋರಲು ಬಿದ್ದವು: ಅಲ್ಲ. ಜಾಗ ಸರಿಯಿಲ್ಲವೇ? ಅಲ್ಲ. ಸುಟ್ಟು ಬೂದಿ ಮಾಡಬೇಕೇ? ಅಲ್ಲ. ಒಂದು ಗಂಟೆ ಹೀಗೇ ನಡೆಯಿತು, ಲೈ ಮಾಮನ ಸೊಂಟ ಹಿಡಿದುಕೊಂಡಿತು.

ಕೊನೆಗೆ ಅವರಿಗೇ ಹೊಳೆಯಿತು. "ಮಗನ್ನ ಕೇಳ್ಬೇಕಾ?" ಅಂದರು. ಒಂದು ಮೇಲೆ, ಒಂದು ಬೋರಲು. ಹೌದು. ಎರಡನೆಯ ಸಲ ಹೌದು. ಮೂರನೆಯ ಸಲವೂ ಹೌದು. ಮೂರು ಸಲ ಬಂದ ಮೇಲೆ ವಾದವಿಲ್ಲ. ಹೆತ್ತ ಮಗನಾಗಲಿ ದತ್ತು ಮಗನಾಗಲಿ, ಮಗ ಒಪ್ಪದೆ ತಾಯಿಯ ಮೇಲೆ ಹೇಗೆ ಕೂರುವುದು ಎಂದು ಈಗ ಎಲ್ಲರೂ ಅದು ತಮಗೆ ಮೊದಲೇ ಗೊತ್ತಿದ್ದ ಹಾಗೆ ಮಾತಾಡುತ್ತಾರೆ.

ಆಗ ಫಾನ್ ಅಜ್ಜಿ ಇನ್ನೊಂದು ಮಾತು ಹೇಳಿದಳು. ಬರೆಯಲೋ ಬೇಡವೋ ಎಂದು ಈ ಮೂರು ದಿನ ಯೋಚಿಸಿದ್ದು ಇದನ್ನೇ. "ಅವ್ನಾ? ಅವ್ನು ಬರ್ತಾನಾ? ಅಪ್ಪ ಹಾಸಿಗೇಲಿ ಕೂಗ್ತಾ ಇದ್ದಾಗ ಹೇಳಿ ಕಳ್ಸಿದ್ರೂ ಬರ್ದೇ ಇದ್ದೋನು ಹಲಗೆಗೆ ಬರ್ತಾನಾ."

ಯಾರೂ ಅವಳನ್ನು ತಡೆಯಲಿಲ್ಲ. ಲೈ ಮಾಮ ನೆಲ ನೋಡಿದರು. ನಾನು ಬೆಂಚಿಗೆ ಹೊದಿಸುವ ಬಟ್ಟೆಯನ್ನು ಮಡಚುತ್ತಿದ್ದೆ. ಮಡಚುತ್ತಲೇ ಇದ್ದೆ. ಓದುತ್ತಾ ಇದೇನು ಮಾತು, ನನಗೆ ಯಾರು ಯಾವಾಗ ಹೇಳಿ ಕಳಿಸಿದರು ಎಂದು ನೀನು ಕೇಳುತ್ತಿರುತ್ತೀ. ಅಲ್ಲೇ ನಿಲ್ಲಿಸಿ ಸಿಟ್ಟಾಗಬೇಡ. ಕೊನೆಯವರೆಗೂ ಓದು.

ಬೆಂಚು ಗುಡಿಯ ಮುಂದೆ ಟಾರ್ಪಾಲು ಹೊದ್ದು ಕೂತಿದೆ. ಸಂಜೆ ಹೊತ್ತು ಮುದುಕರೆಲ್ಲ ಅದರ ಸುತ್ತ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂರುತ್ತಾರೆ, ಅದನ್ನೇ ನೋಡುತ್ತಾರೆ. ಹೊಸ ವರ್ಷ ಕಳೆದು ಚಾಂದ್ರಮಾನದ ಎರಡನೇ ತಿಂಗಳ ಎರಡನೇ ದಿನ ಭೂಮಿದೇವರ ಹುಟ್ಟುಹಬ್ಬ. ಆ ದಿನ ಪೂಜೆ ಮಾಡಿ ಬೆಂಚು ಬಿಟ್ಟುಕೊಡಬೇಕೆಂದು ಸಮಿತಿಯ ಆಸೆ. ನೀನು ಬಂದು ಮೊದಲು ಕೂತರೆ ಅದಕ್ಕಿಂತ ಹೆಚ್ಚಿನದಿಲ್ಲ. ಬರಲಾಗದಿದ್ದರೆ ಒಂದು ಸಾಲು ಬರೆ, ಕೂರಬಹುದು ಅಥವಾ ಕೂರಬಾರದು. ಕೂರಬಾರದು ಎಂದರೆ ಅದನ್ನು ಗುಡಿಯ ಹಿಂದೆ ಮಣ್ಣಿಗೆ ಕೊಡುತ್ತೇವೆ, ನಿನ್ನ ಮೇಲೆ ಯಾರಿಗೂ ಬೇಸರವಿಲ್ಲ. ಬಂದರೆ ಉಳಿದುಕೊಳ್ಳಲು ನಿನ್ನ ಕೋಣೆ ಹಾಗೇ ಇದೆ. ಅಲ್ಲಿ ಹಲಗೆ ಪೇರಿಸಿದ್ದೇನೆ, ತೆಗೆಸುತ್ತೇನೆ. ಒಣಗಿಸಿದ ಪರ್ಸಿಮನ್ ಹಣ್ಣು ಎರಡು ಕಟ್ಟು ಅತ್ತಿಗೆಗೆಂದು ತೆಗೆದಿಟ್ಟಿದ್ದೇನೆ. ಅವಳ ಕೆಮ್ಮು ವಾಸಿಯಾಯಿತೇ? ಹೊಗೆಯ ಹತ್ತಿರ ಹೋಗಬೇಡ ಎಂದು ಹೇಳು.

ಮಗಳಿಗೂ ಅಳಿಯನಿಗೂ, ನಾನಿನ್ನೂ ಮುಖ ನೋಡದ ಆ ಪುಟ್ಟ ಮೊಮ್ಮಗುವಿಗೂ ನನ್ನ ತುಂಬು ಹರಕೆ. ಮಗು ಜ್ವರವಿಲ್ಲದೆ ಬೆಳೆಯಲಿ. ಜ್ವರ ಬಂದರೂ ಬಾರದಿದ್ದರೂ ಮನೆಯವರು ಅದರ ಎತ್ತರ ಅಳೆಯುತ್ತಿರಲಿ. ನಿನ್ನ ಕೈ ಬಹುಕಾಲ ನಡುಗದೆ ಇರಲಿ. ಇದನ್ನು ಹಲ್ಲು ಕಚ್ಚಿ ಬರೆದದ್ದಲ್ಲ, ನಿಜವಾಗಿ ಹರಸುತ್ತಿದ್ದೇನೆ.

ನಿನ್ನ ತಂಗಿ,
ಪೆಂಗ್ ತಾವ್‌ಮೇ

ಮರೆತ ಮಾತು: ಮರೆತದ್ದಲ್ಲ. ಬರೆಯಲಾಗದೆ ಇಲ್ಲಿಗೆ ತಳ್ಳಿದ್ದು.

ಅಪ್ಪ ಹೋದಾಗ ನಿನಗೆ ಫೋನಿನಲ್ಲಿ ಹೇಳಿದೆನಲ್ಲ, ಬೆಳಿಗ್ಗೆ ಗಂಜಿ ಕುಡಿದರು, ಮಧ್ಯಾಹ್ನ ಹೋಗಿಬಿಟ್ಟರು ಎಂದು. ಅದು ಸುಳ್ಳು. ಅಪ್ಪ ಒಂಬತ್ತು ದಿನ ಮಲಗಿದ್ದರು. ಬಲಗೈ ಬಿದ್ದುಹೋಗಿತ್ತು, ಮಾತು ಇತ್ತು. ಮೊದಲ ದಿನವೇ "ಚಾಂಗ್‌ಶೆಂಗ್‌ಗೆ ಫೋನ್ ಮಾಡು" ಅಂದರು. ನಾನು ಅಂಗಳಕ್ಕೆ ಹೋಗಿ ಫೋನ್ ಹಿಡಿದುಕೊಂಡು ನಿಂತೆ. ದನಕ್ಕೆ ಹುಲ್ಲು ಹಾಕುವವಳು ಎಂದ ನಿನ್ನ ದನಿ ಕೇಳಿಸಿತು. ನಾಳೆ ಮಾಡಿದರಾಯಿತು ಎಂದು ಒಳಗೆ ಬಂದು, ಸಿಗಲಿಲ್ಲ ಅಂದೆ. ಮೂರನೆಯ ದಿನ ಮತ್ತೆ ಕೇಳಿದರು. "ಮಾಡಿದೆ ಅಪ್ಪ, ದೊಡ್ಡ ಕೆಲಸ ಹಿಡಿದಿದ್ದಾನಂತೆ, ಬಿಟ್ಟು ಬರೋಕಾಗಲ್ಲವಂತೆ" ಅಂದೆ. ಅವರು "ಹೌದು, ಅರ್ಧ ಕೆತ್ತಿ ಬಿಡಬಾರ್ದು. ತೊಂದ್ರೆ ಕೊಡ್ಬೇಡ ಅವ್ನಿಗೆ" ಅಂದರು. ನೋಡಲು ಬಂದವರಿಗೆಲ್ಲ ಅವರೇ ಹಾಗೆ ಹೇಳಿದರು. ನಾನು ಪಕ್ಕದಲ್ಲಿ ನಿಂತು ಚಹಾ ಕೊಟ್ಟೆ. ನೀನು ಬಂದಾಗ ಊರವರು ನಿನ್ನೊಡನೆ ಮುಖ ಕೊಟ್ಟು ಮಾತಾಡದ್ದು ಅದಕ್ಕೆ.

ಆ ಒಂಬತ್ತು ದಿನ ಅಪ್ಪ ನನ್ನೊಬ್ಬಳನ್ನೇ ನೋಡಿದರು. ನನ್ನ ಕೈಯಲ್ಲೇ ತಿಂದರು. ಏಳನೆಯ ದಿನ, "ನಿನಗೂ ಉಳಿ ಕಲಿಸ್ಬೇಕಿತ್ತು" ಅಂದರು. ಐವತ್ತು ವರ್ಷ ಕಾದ ಮಾತು ಸಿಕ್ಕಿದ ಮೇಲಾದರೂ ನಾನು ಫೋನ್ ಮಾಡಬೇಕಿತ್ತು. ಇನ್ನೂ ಎರಡು ದಿನವಿತ್ತು. ಮಾಡಲಿಲ್ಲ. ನೀನು ಬಂದರೆ ಅವರು ಆ ಕಡೆ ತಿರುಗಿಬಿಡುತ್ತಾರೆಂದು ಮಾಡಲಿಲ್ಲ.

ಕೊನೆಯುಸಿರಿಗೆ ಇಲ್ಲದ ಮಗನೆಂದು ನಿನ್ನನ್ನು ಗೇಟಿನಿಂದ ಶವದ ಪೆಟ್ಟಿಗೆಯವರೆಗೆ ಜಲ್ಲಿಯ ಮೇಲೆ ಮಂಡಿಯೂರಿ ತೆವಳಿಸಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ನಿನ್ನ ಮಂಡಿ ತೊಳೆಯಲು ಬಿಸಿನೀರು ತಂದುಕೊಟ್ಟೆ. ನೀನು ನನಗೆ ಥ್ಯಾಂಕ್ಸ್ ಹೇಳಿದೆ. "ಅಪ್ಪನ್ನ ನೀನಾದ್ರೂ ನೋಡ್ಕೊಂಡೆಯಲ್ಲ" ಅಂದೆ.

ಇದನ್ನು ತಿಳಿಯದೆ ನೀನು ಬೆಂಚಿಗೆ ಒಪ್ಪಿಗೆ ಕೊಡಬಾರದು. ನೀನು ಬಂದರೂ ಬಾರದಿದ್ದರೂ ಹಬ್ಬದ ದಿನ ಇಷ್ಟನ್ನೂ ಊರೆದುರಿಗೆ ನಾನೇ ಹೇಳುತ್ತೇನೆ, ಫಾನ್ ಅಜ್ಜಿಯನ್ನು ಮುಂದೆ ಕೂರಿಸಿಕೊಂಡೇ ಹೇಳುತ್ತೇನೆ. ನಿನ್ನ ಹೆಸರು ಅಷ್ಟರಮಟ್ಟಿಗೆ ಸರಿಯಾಗುತ್ತದೆ. ನೀನು ಬೈಯಬಹುದು, ಇನ್ನು ಮುಖ ನೋಡದಿರಬಹುದು, ಅದು ನಿನಗೆ ಬಿಟ್ಟದ್ದು. ಅಪ್ಪ ಮಾತ್ರ, ನೀನು ಬರುವುದಿಲ್ಲ ಎಂದೆಯೆಂದು ನಂಬಿಕೊಂಡೇ ಹೋದರು. ಅವರಿಗೆ ಹೇಳಲು ಇನ್ನು ನನಗೆ ದಾರಿಯಿಲ್ಲ.